ಮೊದಲು ತೂಕ, ಆಮೇಲೆ ಹಾರಾಟ

ಪಪುವಾ ನ್ಯೂಗಿನಿಯ ಬೆಟ್ಟದ ಹಳ್ಳಿಗಳಲ್ಲಿ ವಿಮಾನ ಇಳಿಸಿ ಇಂಜಿನ್ ಆಫ್ ಮಾಡಿದ ಮೇಲೆ, ನಾನು ಮೊದಲು ಹೊರಗೆ ತೆಗೆಯುತ್ತಿದ್ದದ್ದು ತೂಕದ ಯಂತ್ರ. ಅಜ್ಜಿಯಿಂದ ಹಿಡಿದು ಪುಟ್ಟ ಮಗುವಿನವರೆಗೆ ಎಲ್ಲರೂ ಅದರ ಮೇಲೆ ನಿಲ್ಲಬೇಕು. ಕಾಫಿ ಮೂಟೆ, ಗೆಣಸು ತುಂಬಿದ ಹೆಣಿಗೆ ಚೀಲ, ಕೋಳಿ, ಯಾವುದನ್ನೂ ಬಿಡುವ ಹಾಗಿಲ್ಲ.

ಆ ದೇಶದಲ್ಲಿ ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಎರಡನೇ ದೊಡ್ಡ ನಗರವಾದ ‘ಲೇ’ಗೇ ರಸ್ತೆ ಇಲ್ಲ. ಇನ್ನು ಒಳನಾಡಿನ ಹಳ್ಳಿಗಳ ಪಾಡು ಹೇಗಿರಬೇಡ! ದಿನಗಟ್ಟಲೆ ನಡೆಯಬೇಕು, ಇಲ್ಲಾ ವಿಮಾನಕ್ಕೆ ಕಾಯಬೇಕು. ಮಿಷನ್ ಏವಿಯೇಷನ್ ಫೆಲೋಶಿಪ್ 1951ರಿಂದ ಅಲ್ಲಿ ಹಾರುತ್ತಿದೆ. ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು ಕಟ್ಟಿದ ಕ್ರೈಸ್ತ ಸೇವಾ ಸಂಸ್ಥೆ ಅದು. ಅದರ ಅಮೆರಿಕದ ತಂಡದ ಮೊದಲ ಹಾರಾಟವನ್ನು 1946ರಲ್ಲಿ ನಡೆಸಿದ್ದು ಬೆಟ್ಟಿ ಗ್ರೀನ್ ಎಂಬ ಹೆಣ್ಣುಮಗಳು. ಇಂಥ ವಿಮಾನದಲ್ಲಿ ಬೈಬಲ್ ಪೆಟ್ಟಿಗೆಯ ಪಕ್ಕದಲ್ಲೇ ಲಸಿಕೆ, ಶಾಲೆಯ ಪುಸ್ತಕ, ತಗಡಿನ ಶೀಟು ಇರುತ್ತವೆ. ತೂಕದ ಲೆಕ್ಕ ಎಲ್ಲಕ್ಕೂ ಒಂದೇ.

ಯಾಕೆ ಅಂದರೆ, ಅಲ್ಲಿನ ಎಷ್ಟೋ ರನ್‌ವೇಗಳು ಊರಿನವರೇ ಗುದ್ದಲಿ ಹಿಡಿದು ಗುಡ್ಡದ ಓರೆಯಲ್ಲಿ ಕಡಿದು ಮಾಡಿದ ಹುಲ್ಲಿನ ಪಟ್ಟಿಗಳು. 500 ಮೀಟರ್ ಉದ್ದ, ಶೇ 10ರಷ್ಟು ಇಳಿಜಾರು ಅಂತ ಇಟ್ಟುಕೊಳ್ಳಿ. ಕೆಳತುದಿಗಿಂತ ಮೇಲ್ತುದಿ 50 ಮೀಟರ್ ಎತ್ತರದಲ್ಲಿರುತ್ತದೆ. ಅದರಾಚೆ ಬೆಟ್ಟದ ಗೋಡೆ. ಹಾಗಾಗಿ ಇಳಿಯುವುದು ಏರುಮುಖಕ್ಕೆ, ಹಾರುವುದು ಇಳಿಮುಖಕ್ಕೆ. ಇಳಿಯುವಾಗ ಒಂದು ಜಾಗ ದಾಟಿದ ಮೇಲೆ ಮತ್ತೆ ಮೇಲೆದ್ದು ಸುತ್ತು ಹಾಕಿ ಬರುತ್ತೇನೆ ಅನ್ನುವಂತಿಲ್ಲ, ಇಳಿಯಲೇಬೇಕು. ಹಂದಿ ಅಡ್ಡ ಬಂದಿದೆಯಾ, ಹುಲ್ಲು ಒದ್ದೆಯಾ, ಎಲ್ಲ ಅದಕ್ಕೂ ಮೊದಲೇ ನೋಡಿಕೊಳ್ಳಬೇಕು.

ಗಾಳಿಯ ಕಥೆ ಬೇರೆ. 5,000 ಅಡಿ ಎತ್ತರದ ಪಟ್ಟಿಯಲ್ಲಿ 25 ಡಿಗ್ರಿ ಸೆಕೆ ಇದ್ದರೆ, ಗಾಳಿ ಸುಮಾರು 7,400 ಅಡಿಯಲ್ಲಿರುವಷ್ಟು ತೆಳುವಾಗಿರುತ್ತದೆ. ರೆಕ್ಕೆಗೂ ಇಂಜಿನ್ನಿಗೂ ಕಸುವು ಕಮ್ಮಿ. ಬೆಳಿಗ್ಗೆ ಹೊತ್ತ ಭಾರವನ್ನು ಮಧ್ಯಾಹ್ನದ ಸೆಕೆಯಲ್ಲಿ ವಿಮಾನ ಹೊರಲಾರದು. ಅಷ್ಟೊತ್ತಿಗೆ ಕಣಿವೆಯಲ್ಲಿ ಮೋಡವೂ ಕಟ್ಟಿರುತ್ತದೆ. ಇಂಧನ ಇಳಿಸಿ ಹಗುರ ಮಾಡಬಾರದಾ ಅನ್ನಬಹುದು. ನೂರು ಲೀಟರ್ ಜೆಟ್ ಇಂಧನ ಸುಮಾರು 80 ಕೆಜಿ, ಅಂದರೆ ಒಬ್ಬ ದೊಡ್ಡವರ ತೂಕ. ಆದರೆ ದಾರಿ ಮುಚ್ಚಿದರೆ ಬೇರೆ ಕಡೆ ಹೋಗಿ ಇಳಿಯಲು ಬೇಕಾಗುವುದು ಅದೇ ಇಂಧನ. ಅದನ್ನು ಮುಟ್ಟಬಾರದು.

ಒಂದು ಬೆಳಿಗ್ಗೆ ಹೆರಿಗೆ ನೋವಿನ ತಾಯಿಯೊಬ್ಬಳನ್ನು ಗಳಕ್ಕೆ ಗೋಣಿ ಕಟ್ಟಿ ಹೊತ್ತು ತಂದರು. ಎರಡು ದಿನದಿಂದ ನೋವು. ಗಂಡ ಬರಬೇಕು, ಅತ್ತೆಯೂ ಬರಬೇಕು. ತೂಗಿದೆ, ಕೂಡಿದೆ, ಇನ್ನೊಮ್ಮೆ ಕೂಡಿದೆ. ಒಬ್ಬರಿಗಷ್ಟೇ ಜಾಗ. ಮುದುಕಿ ನನ್ನ ಕೈ ಹಿಡಿದುಕೊಂಡೇ ನಿಂತಿದ್ದಳು. ಆ ಹೊತ್ತಿನಲ್ಲಿ ‘ಆಗಲ್ಲ’ ಅನ್ನುವುದು ಎಷ್ಟು ಕಷ್ಟ ಅಂತ ಯಾವ ತರಬೇತಿಯೂ ಕಲಿಸುವುದಿಲ್ಲ. ಅಷ್ಟರಲ್ಲಿ ಒಬ್ಬ ರೈತ ವಿಮಾನದ ಹತ್ತಿರ ಹೋಗಿ, ಆಗಲೇ ತುಂಬಿದ್ದ ತನ್ನ ಕಾಫಿ ಮೂಟೆಯನ್ನು ತಾನೇ ಕೆಳಗಿಳಿಸಿದ. ಯಾರೂ ಅವನನ್ನು ಕೇಳಿರಲಿಲ್ಲ. 48 ಕೆಜಿ ಮೂಟೆ. ಅತ್ತೆ 41 ಕೆಜಿ.

ಮೂವರನ್ನೂ ಆಸ್ಪತ್ರೆ ಇರುವ ಊರಿಗೆ ಮುಟ್ಟಿಸಿದೆ. ತಾಯಿ, ಮಗು ಇಬ್ಬರೂ ಉಳಿದರು.

ಆ ಮೂಟೆ ಮುಂದಿನ ವಾರ ನನ್ನ ಜೊತೆಗೇ ಹೋಯಿತು. ಹತ್ತಿಸುವ ಮುಂಚೆ ಮತ್ತೆ ತೂಗಿದೆ. ಮಳೆಯ ತೇವ ಹಿಡಿದು ಎರಡು ಕೆಜಿ ಜಾಸ್ತಿಯಾಗಿತ್ತು.