ಮೂರನೆಯ ಡೋಸ್ ತಡವಾಯಿತೇ? ಇಂದೇ ಬನ್ನಿ

"ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ?" ಎಂದರೆ ತರಗತಿಯ ಕೈಗಳೆಲ್ಲ ಮೇಲೇಳುತ್ತವೆ. ರಕ್ತದಿಂದ ಹರಡಿ ಯಕೃತ್ತನ್ನು ಕಾಡುವ ಈ ವೈರಾಣುವಿಗೆ ಲಸಿಕೆ ಮೂರು ಡೋಸ್. "ಮೂರೂ ಆಗಿದೆಯೇ?" ಎಂದೊಡನೆ ಅರ್ಧ ಕೈಗಳು ತಲೆ ಕೆರೆಯಲು ಇಳಿಯುತ್ತವೆ. ಹಾಸನದಲ್ಲಿ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವ ನನಗೆ ಇದು ಪ್ರತಿವರ್ಷದ ದೃಶ್ಯ. ಹಿಂದೆ ಕುಳಿತ ಸಹೋದ್ಯೋಗಿಗಳ ಕೈ ಎಲ್ಲಿರುತ್ತದೆಂದು ನೋಡಲು ಹೋಗುವುದಿಲ್ಲ. ಮಧ್ಯಾಹ್ನ ಅವರೊಂದಿಗೆ ಕಾಫಿ ಕುಡಿಯಬೇಕು.

ಇವರಲ್ಲಿ ಲಸಿಕೆಯ ವಿರೋಧಿಗಳಿಲ್ಲ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಮೊದಲ ಡೋಸ್, ತಿಂಗಳಿಗೆ ಎರಡನೆಯದು, ಸಾಲಾಗಿ ನಿಂತು ಹಾಕಿಸಿಕೊಳ್ಳುತ್ತಾರೆ. ಮೂರನೆಯದು ಮೊದಲನೆಯದರಿಂದ ಆರು ತಿಂಗಳಿಗೆ, ಅಂದರೆ ಯುಗಾದಿ ಕಳೆದ ಮೇಲೆ. ಅಷ್ಟರಲ್ಲಿ ಪರೀಕ್ಷೆ, ಊರ ಜಾತ್ರೆ, ಅಕ್ಕನ ಮದುವೆ. ಮರೆವನ್ನು ಕ್ಷಮಿಸಬಲ್ಲೆ. ಸಿಟ್ಟು ತರಿಸುವುದು ಆಮೇಲಿನ ಮಾತು: "ಸರ್, ದಿನ ದಾಟಿತು. ಮೊದಲಿನಿಂದ ಶುರು ಮಾಡಬೇಕಂತೆ, ಮುಂದಿನ ವರ್ಷ ನೋಡೋಣ ಎಂದುಕೊಂಡೆ."

ಮೊದಲಿನಿಂದ ಬೇಡ. ಎರಡು ಡೋಸ್ ಆಗಿ ಒಂದು ವರ್ಷವಾಗಿರಲಿ, ಐದು ವರ್ಷವಾಗಿರಲಿ, ಬಾಕಿ ಇರುವುದು ಮೂರನೆಯದೊಂದೇ. ಗಡುವಿಗೆ ಮುಂಚೆ ಅವಸರಪಟ್ಟರೆ ಲೆಕ್ಕ ತಪ್ಪುತ್ತದೆ. ತಡವಾದರೆ ಹಿಂದೆ ಕೊಟ್ಟದ್ದು ವ್ಯರ್ಥವಾಗುವುದಿಲ್ಲ. ಆ ಎರಡು ಚುಚ್ಚುಮದ್ದಿನಿಂದ ವೈರಾಣುವಿನ ಗುರುತು ಹಿಡಿದ ಜೀವಕೋಶಗಳು ಕಾದಿರುತ್ತವೆ. ಆದರೆ ಕಾಯುವಷ್ಟು ದಿನವೂ ರಕ್ಷಣೆ ಅರೆಬರೆ. ಮತ್ತೊಮ್ಮೆ ಬರೆಯುತ್ತೇನೆ: ಮೊದಲಿನಿಂದ ಬೇಡ.

ಸಕಲೇಶಪುರದ ಕಡೆಯ ಹುಡುಗನೊಬ್ಬ ಒಪ್ಪಲಿಲ್ಲ. "ಹೂಮಳೆ ಬಿದ್ದ ಎರಡು ಮೂರು ವಾರದೊಳಗೆ ಕಾಯಿ ಕಚ್ಚಿಸುವ ಎರಡನೆಯ ಮಳೆ, ಅದೇ ಬ್ಯಾಕಿಂಗ್ ಮಳೆ, ಬಾರದಿದ್ದರೆ ಕಾಫಿ ಫಸಲು ಕೈಕೊಡುತ್ತದೆ ಸರ್. ಇದೂ ಹಾಗೆಯೇ ಅಲ್ಲವೇ?" ಹೋಲಿಕೆ ಎಷ್ಟು ಚೆಂದವಿತ್ತೆಂದರೆ ಕ್ಷಣಕಾಲ ನಾನೇ ತಬ್ಬಿಬ್ಬಾದೆ. "ಗಿಡಕ್ಕೆ ನೆನಪಿಲ್ಲ ಮಾರಾಯ, ನಿನ್ನ ರಕ್ತಕ್ಕೆ ಇದೆ" ಎಂದು ಅಂದೇ ಅವನ ತೋಳಿಗೆ ಸೂಜಿ ಹಾಕಿಸಿದೆ.

ಒಂದು ರಾತ್ರಿ ಹನ್ನೊಂದಕ್ಕೆ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಬಂದಳು. ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡಿದ್ದಳು. ಗ್ಲೌಸಿನೊಳಗೆ ಸಾಸಿವೆಯಷ್ಟು ರಕ್ತ. ಅಳುತ್ತಿದ್ದುದು ಎಚ್‌ಐವಿ ಭಯಕ್ಕೆ. ಸೋಂಕಿತರ ಸೂಜಿಯಿಂದ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3, ರಕ್ಷಣೆ ಇಲ್ಲದವರಿಗೆ ಹೆಪಟೈಟಿಸ್ ಬಿ ತಗಲುವುದು, ರೋಗಿಯ ರಕ್ತದಲ್ಲಿ ವೈರಾಣು ಎಷ್ಟಿದೆ ಎಂಬುದರ ಮೇಲೆ, ಶೇ 6ರಿಂದ 30. ಆ ರೋಗಿಯ ಕೇಸ್ ಶೀಟಿನಲ್ಲಿದ್ದುದು ಹೆಪಟೈಟಿಸ್ ಬಿ. ಹುಡುಗಿಗೆ ಆಗಿದ್ದುದು ಎರಡೇ ಡೋಸ್. ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದಾದ ಇಮ್ಯುನೋಗ್ಲಾಬ್ಯುಲಿನ್ ಆದಷ್ಟು 24 ಗಂಟೆಯೊಳಗೆ ಸಿಗಬೇಕು. ನಡುರಾತ್ರಿಯಲ್ಲಿ ಬಿ.ಎಂ. ರಸ್ತೆಯ ಔಷಧ ಅಂಗಡಿಯವರನ್ನು ಫೋನಿನಲ್ಲಿ ಎಬ್ಬಿಸುತ್ತ ಕುಳಿತೆವು. ಸಿಕ್ಕಿತು. ಅದರೊಂದಿಗೇ ಇನ್ನೊಂದು ತೋಳಿಗೆ ಮೂರನೆಯ ಡೋಸನ್ನೂ ಕೊಟ್ಟೆವು. ಆರು ತಿಂಗಳ ನಂತರದ ಪರೀಕ್ಷೆಯಲ್ಲೂ ಸೋಂಕು ಕಾಣಲಿಲ್ಲ.

ಮರುದಿನ ಸಹೋದ್ಯೋಗಿಯೊಬ್ಬರು ಬಾಗಿಲು ಹಾಕಿಕೊಂಡು ಕುಳಿತರು. ಕಾಲೇಜು ದಿನಗಳಲ್ಲಿ ಅವರಿಗೂ ಎರಡೇ ಡೋಸ್ ಆಗಿತ್ತಂತೆ. ಈಗ ಮೂರನೆಯದು ಸಾಕು, ಒಂದೆರಡು ತಿಂಗಳಿಗೆ ರಕ್ತದ ಟೈಟರ್, ಅಂದರೆ ಪ್ರತಿಕಾಯದ ಮಟ್ಟ, ನೋಡೋಣ, ಮಿಲಿಲೀಟರಿಗೆ 10 ಮಿಲಿ ಯೂನಿಟ್ ಮುಟ್ಟಿದರೆ ಆಯಿತು, ಮುಟ್ಟದಿದ್ದರೆ ಆಗ ಇನ್ನೊಂದು ಸುತ್ತು ಎಂದೆ. ಮೂತ್ರಪಿಂಡದ ಕಾಯಿಲೆ ಇರುವವರ, ರೋಗನಿರೋಧಕ ಶಕ್ತಿ ಕುಗ್ಗಿದವರ ಲೆಕ್ಕ ಬೇರೆ. ಇವರಿಗೆ ಅದಾವುದೂ ಇರಲಿಲ್ಲ. ಅಂಗಿಯ ತೋಳು ಮಡಚುತ್ತ ಕೇಳಿದರು:

"ಖಂಡಿತ ಮೊದಲಿನಿಂದ ಬೇಡವೇ?"