ಮೊದಲು ಊಟ, ಕಾರಣ ಆಮೇಲೆ: ಕಿರು ಮಾತಿನ ಚಿಕಿತ್ಸೆ ಬೆಳೆದು ಬಂದ ದಾರಿ

ಹದಿಹರೆಯದ ಮಗಳೋ ಮಗನೋ ಊಟ ಬಿಡತೊಡಗಿದಾಗ, ಅಥವಾ ಗುಟ್ಟಾಗಿ ಅತಿಯಾಗಿ ತಿಂದು ವಾಂತಿ ಮಾಡಿಕೊಳ್ಳುವುದು ತಿಳಿದಾಗ, ಮನೆಯವರ ಬಾಯಿಂದ ಬರುವ ಮೊದಲ ಪ್ರಶ್ನೆ ‘ಯಾಕೆ’ ಎಂಬುದು. ವೈದ್ಯಲೋಕವೂ ಬಹುಕಾಲ ಇದೇ ಪ್ರಶ್ನೆಯ ಬೆನ್ನು ಹತ್ತಿತ್ತು. ಒಳಗಿನ ಕಾರಣ ಕೈಗೆ ಸಿಕ್ಕರೆ ಊಟ ತಾನಾಗಿಯೇ ಮರಳುತ್ತದೆ ಎಂದು ನಂಬಿತ್ತು. ಇಂದು ಹತ್ತೇ ಭೇಟಿಗಳಲ್ಲಿ ಮುಗಿಯುವ ಮಾತಿನ ಚಿಕಿತ್ಸೆಯ ಬಗ್ಗೆ ನಾವು ಮಾತನಾಡುತ್ತಿದ್ದರೆ, ಅದಕ್ಕೆ ಕಾರಣ ಈ ನಂಬಿಕೆ ನಿಧಾನವಾಗಿ ತಲೆಕೆಳಗಾದದ್ದು.

ಕಾಯಿಲೆ ಹೊಸದಲ್ಲ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲೇ, ಬೇರಾವ ರೋಗವೂ ಇಲ್ಲದೆ ಊಟ ತೊರೆದು ಸೊರಗಿದ ಹದಿನೆಂಟರ ಹುಡುಗಿ ಮತ್ತು ಹದಿನಾರರ ಹುಡುಗನ ಬಗ್ಗೆ ಬರೆದಿದ್ದ. ಇದು ಹೆಣ್ಣುಮಕ್ಕಳಿಗೆ ಮಾತ್ರ ಬರುವುದೆಂಬ ತಪ್ಪು ಕಲ್ಪನೆ ಇನ್ನೂ ಉಳಿದಿರುವುದರಿಂದ, ಮೊದಲ ದಾಖಲೆಗಳಲ್ಲೇ ಒಬ್ಬ ಹುಡುಗನಿದ್ದ ಎಂಬುದನ್ನು ಇಲ್ಲಿ ನೆನೆಯಬೇಕು. 1873ರಲ್ಲಿ ಪ್ಯಾರಿಸ್ಸಿನ ಶಾರ್ಲ್ ಲಾಸೇಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಪ್ರತ್ಯೇಕವಾಗಿ ಇದನ್ನು ವಿವರಿಸಿದರು. ‘ಅನೋರೆಕ್ಸಿಯಾ ನರ್ವೋಸಾ’ ಎಂಬ ಹೆಸರು ಗಲ್ ಕೊಟ್ಟದ್ದು. ಹೊತ್ತುಹೊತ್ತಿಗೆ ಉಣಿಸಬೇಕು ಎಂಬ ಅವನ ಸಲಹೆ ಸರಿಯಾಗಿಯೇ ಇತ್ತು. ಆದರೆ ರೋಗಿಯನ್ನು ನೋಡಿಕೊಳ್ಳಲು ಬಂಧುಮಿತ್ರರಷ್ಟು ಅಯೋಗ್ಯರು ಬೇರಿಲ್ಲ ಎಂದೂ ಅವನು ಹೇಳಿದ. ಫ್ರಾನ್ಸಿನ ನರರೋಗ ತಜ್ಞ ಶಾರ್ಕೋ ಕೂಡ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸುವುದನ್ನೇ ಚಿಕಿತ್ಸೆಯ ಮೊದಲ ಹೆಜ್ಜೆಯಾಗಿಸಿದ. ತಂದೆತಾಯಿಯರ ಮೇಲೆ ಅಂದು ಬಿದ್ದ ಈ ಅಪವಾದ ಅಳಿಯಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮಾತಿನ ಚಿಕಿತ್ಸೆಗೆ ಆ ಹೆಸರಿಟ್ಟದ್ದು ವೈದ್ಯನಲ್ಲ, ರೋಗಿ. ವಿಯೆನ್ನಾದ ಯೋಸೆಫ್ ಬ್ರಾಯರ್ 1880ರಿಂದ 1882ರವರೆಗೆ ನೋಡಿಕೊಂಡ ಬರ್ಥಾ ಪಾಪೆನ್‌ಹೈಮ್ ಎಂಬ ಯುವತಿ ತನ್ನ ಚಿಕಿತ್ಸೆಯನ್ನು ಇಂಗ್ಲಿಷಿನಲ್ಲಿ ‘ಟಾಕಿಂಗ್ ಕ್ಯೂರ್’ ಎಂದು ಕರೆದಳು. ಬಿರುಬೇಸಿಗೆಯ ಸುಮಾರು ಆರು ವಾರ ಅವಳು ನೀರಿನ ಲೋಟವನ್ನು ತುಟಿಗೆ ತಾಗಿಸಲಾರದೆ ಕಲ್ಲಂಗಡಿಯಂಥ ಹಣ್ಣುಗಳಲ್ಲೇ ದಾಹ ತೀರಿಸಿಕೊಂಡಿದ್ದಳು. ಒಂದು ದಿನ ಸಂಮೋಹನದ ಸ್ಥಿತಿಯಲ್ಲಿ, ತನ್ನ ಒಡನಾಡಿಯ ನಾಯಿ ಲೋಟದಿಂದ ನೀರು ಕುಡಿದದ್ದನ್ನು ಕಂಡು ಅಸಹ್ಯಪಟ್ಟದ್ದನ್ನು ಹೇಳಿ ಮುಗಿಸಿದವಳು ನೀರು ಕೇಳಿದಳು, ಕುಡಿದಳು. ಕಾರಣವನ್ನು ಹೇಳಿಕೊಂಡರೆ ಲಕ್ಷಣ ಮಾಯವಾಗುತ್ತದೆ ಎಂಬ ನಂಬಿಕೆಗೆ ಇಷ್ಟು ಮನಮುಟ್ಟುವ ಕತೆ ಬೇರೆ ಬೇಕಿರಲಿಲ್ಲ. ಆ ಚಿಕಿತ್ಸೆ ನಿಂತ ಮೇಲೂ ಅವಳು ಆರೋಗ್ಯಧಾಮಗಳಿಗೆ ಹೋಗಿಬರಬೇಕಾಯಿತೆಂಬುದು ಹೊರಬಂದದ್ದು ಬಹಳ ತಡವಾಗಿ. ಅಷ್ಟರಲ್ಲಿ ಊಟ ಬಿಟ್ಟ ಎಷ್ಟೋ ಮಕ್ಕಳು ಒಳಗಿನ ಕಾರಣ ಹುಡುಕುವ ಮನೋವಿಶ್ಲೇಷಣೆಗೆ ವರ್ಷಗಟ್ಟಲೆ ಒಳಗಾಗಿದ್ದರು, ದೇಹ ಬಡವಾಗುತ್ತಲೇ ಇತ್ತು.

ನಂಬಿಕೆ ಅಲುಗಾಡಿದ್ದು ಅನಿರೀಕ್ಷಿತ ಕಡೆಯಿಂದ. ಎರಡನೇ ಮಹಾಯುದ್ಧದ ಕೊನೆಗೆ, 1944–45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಶರೀರವಿಜ್ಞಾನಿ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ತರುಣರನ್ನು 24 ವಾರ ಅರೆಹೊಟ್ಟೆಯಲ್ಲಿರಿಸಿ ಅಧ್ಯಯನ ಮಾಡಿದ. ಅವರ ತೂಕ ಕಾಲು ಭಾಗದಷ್ಟು ಇಳಿಯಿತು. ಆದರೆ ನಿಜವಾದ ಪಾಠ ಅವರ ನಡವಳಿಕೆಯಲ್ಲಿತ್ತು: ಅಡುಗೆಯಲ್ಲಿ ಆಸಕ್ತಿ ಇಲ್ಲದಿದ್ದವರೂ ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆಯ ಮುಂದೆ ಕೂತು ಸ್ವಲ್ಪ ಸ್ವಲ್ಪವಾಗಿ ಗಂಟೆಗಟ್ಟಲೆ ಎಳೆದಾಡುತ್ತ ಉಂಡರು, ಗೆಳೆಯರಿಂದ ದೂರ ಸರಿದರು, ಸಿಡುಕಿದರು, ಕುಗ್ಗಿದರು. ಮನಸ್ಸಿನ ಆಳದ ಗಂಟು ಎಂದುಕೊಂಡಿದ್ದ ಎಷ್ಟೋ ಲಕ್ಷಣಗಳು ಬರಿಯ ಹಸಿವಿನ ಫಲ. ಹಾಗಿದ್ದ ಮೇಲೆ, ಹಸಿದ ಮಿದುಳಿನೊಡನೆ ಬಾಲ್ಯದ ನೆನಪುಗಳನ್ನು ಕೆದಕುತ್ತ ಕೂರುವುದರಲ್ಲಿ ಅರ್ಥವೆಷ್ಟು?

ಉತ್ತರ ಇಂಗ್ಲೆಂಡಿನ ಎರಡು ಕಡೆಗಳಿಂದ ಬಂತು. ಲಂಡನ್ನಿನ ಮಾಡ್ಸ್ಲೇ ಆಸ್ಪತ್ರೆಯ ತಂಡ 80 ರೋಗಿಗಳ ಮೇಲೆ ನಡೆಸಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ವಯಸ್ಸಿನಲ್ಲಿ ಅನೋರೆಕ್ಸಿಯಾ ಶುರುವಾಗಿ ಮೂರು ವರ್ಷ ತುಂಬದವರಿಗೆ ರೋಗಿಯೊಬ್ಬರೊಡನೆಯೇ ನಡೆಸಿದ ಚಿಕಿತ್ಸೆಗಿಂತ ಕುಟುಂಬದೊಡನೆ ನಡೆಸಿದ ಚಿಕಿತ್ಸೆ ಹೆಚ್ಚು ಫಲ ಕೊಟ್ಟಿತು. ಗಲ್ ದೂರವಿಟ್ಟಿದ್ದ ತಂದೆತಾಯಿಯರೇ ಈಗ ಚಿಕಿತ್ಸೆಯ ಆಧಾರವಾದರು. ಈ ಕ್ರಮದಲ್ಲಿ ಕಾಯಿಲೆ ಯಾರ ತಪ್ಪಿನಿಂದ ಬಂತೆಂದು ಚಿಕಿತ್ಸಕ ಹುಡುಕುವುದೇ ಇಲ್ಲ. ಸಾಮಾನ್ಯವಾಗಿ ಎರಡನೇ ಭೇಟಿಗೆ ಮನೆಯವರು ಊಟ ಕಟ್ಟಿಕೊಂಡು ಬರುತ್ತಾರೆ. ಮಗು ‘ಸಾಕು’ ಎಂದ ಮೇಲೂ ಇನ್ನೊಂದು ತುತ್ತು ಉಣಿಸಲು, ಗದರದೆ, ಅಂಗಲಾಚದೆ, ಬಿಟ್ಟೂ ಕೊಡದೆ ಹೇಗೆ ಕೂರಬೇಕೆಂಬುದನ್ನು ಆ ಕೋಣೆಯಲ್ಲೇ ಕಲಿಯುತ್ತಾರೆ. ಆ ಒಂದು ತುತ್ತು ಒಳಹೋದ ಗಳಿಗೆಯಲ್ಲಿ ತಾಯಿಗೆ ಮರಳುವ ಧೈರ್ಯವನ್ನು ಯಾವ ಉಪನ್ಯಾಸವೂ ಕೊಡಲಾರದು.

ಇನ್ನೊಂದು ಕಡೆ ಆಕ್ಸ್‌ಫರ್ಡ್. ಅತಿಯಾಗಿ ತಿಂದು ಹೊರಹಾಕುವ ತೊಂದರೆಗೆ ಜೆರಾಲ್ಡ್ ರಸೆಲ್ 1979ರಲ್ಲಿ ‘ಬುಲಿಮಿಯಾ ನರ್ವೋಸಾ’ ಎಂದು ಹೆಸರಿಟ್ಟ ಎರಡೇ ವರ್ಷಕ್ಕೆ, ಕ್ರಿಸ್ಟೋಫರ್ ಫೇರ್‌ಬರ್ನ್ ಅದಕ್ಕೆ ಯೋಚನೆ ಮತ್ತು ನಡವಳಿಕೆಗಳನ್ನು ಬದಲಿಸಲು ನೆರವಾಗುವ ಅರಿವಿನ ವರ್ತನಾ ಚಿಕಿತ್ಸೆಯನ್ನು, ಅಂದರೆ ಸಿಬಿಟಿಯನ್ನು, ಅಳವಡಿಸಿದ ವರದಿ ಪ್ರಕಟಿಸಿದರು. ಕಾಯಿಲೆಯನ್ನು ಹುಟ್ಟಿಸಿದ್ದು ಯಾವುದು ಎನ್ನುವುದಕ್ಕಿಂತ ಇಂದು ಅದನ್ನು ಉಳಿಸಿಕೊಂಡಿರುವುದು ಯಾವುದು ಎಂಬುದೇ ಅಲ್ಲಿನ ಪ್ರಶ್ನೆ. ದಿನವಿಡೀ ಉಪವಾಸ, ಸಂಜೆ ತಡೆಯಲಾರದ ಹಸಿವು, ಅತಿಯಾಗಿ ತಿನ್ನುವುದು, ನಾಚಿಕೆ, ಮತ್ತೆ ಉಪವಾಸ: ಈ ಸುತ್ತನ್ನು ಹೊತ್ತಿಗೆ ಸರಿಯಾದ ಊಟದಿಂದಲೇ ಮುರಿಯಲು ತೊಡಗುತ್ತಾರೆ. ಇದಕ್ಕೆ ಸುಮಾರು ಇಪ್ಪತ್ತು ಭೇಟಿಗಳು ಬೇಕಾಗುತ್ತಿದ್ದವು.

ಇದನ್ನು ಇನ್ನೂ ಕಿರಿದಾಗಿಸಬಹುದೇ ಎಂಬ ಪರೀಕ್ಷೆ ಈ ಶತಮಾನದ್ದು. 2005ರಲ್ಲಿ ಅಮೆರಿಕದ ಜೇಮ್ಸ್ ಲಾಕ್ ತಂಡ ಅನೋರೆಕ್ಸಿಯಾ ಇದ್ದ 86 ಹದಿಹರೆಯದವರಲ್ಲಿ ಆರು ತಿಂಗಳ ಹತ್ತು ಕುಟುಂಬ ಭೇಟಿಗಳನ್ನೂ ವರ್ಷವಿಡೀ ನಡೆದ ಇಪ್ಪತ್ತು ಭೇಟಿಗಳನ್ನೂ ಹೋಲಿಸಿದಾಗ, ಒಟ್ಟು ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಊಟದ ಕುರಿತ ಗೀಳು ತೀವ್ರವಾಗಿದ್ದವರಿಗೆ ಮತ್ತು ತಂದೆತಾಯಿ ಒಟ್ಟಿಗಿರದ ಮನೆಯ ಮಕ್ಕಳಿಗೆ ದೀರ್ಘ ಚಿಕಿತ್ಸೆಯೇ ಮೇಲಾಗಿತ್ತು. ಚಿಕಿತ್ಸೆ ಮೊಟಕುಗೊಳಿಸಲು ಹೊರಡುವ ಆಡಳಿತಗಾರರು ಈ ಎರಡನೇ ವಾಕ್ಯವನ್ನೂ ಓದಬೇಕೆಂಬುದು ನನ್ನ ಆಗ್ರಹ.

ಮುಂದೆ ಶೆಫೀಲ್ಡಿನ ಗ್ಲೆನ್ ವಾಲರ್ ಮತ್ತು ಸಂಗಡಿಗರು ತೂಕ ತೀರಾ ಇಳಿಯದವರಿಗಾಗಿ ಹತ್ತು ಭೇಟಿಗಳ ಸಿಬಿಟಿ ರೂಪಿಸಿ, ವಯಸ್ಕರಲ್ಲಿ ಕಂಡ ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ಅಲ್ಲಿ ತಕ್ಕಡಿಯೂ ಮಾತಿನ ಭಾಗ. ಹೆದರಿಕೆಯ ತಿನಿಸೊಂದನ್ನು ತಿಂದರೆ ವಾರದಲ್ಲಿ ಎಷ್ಟು ಕಿಲೋ ಏರಬಹುದೆಂದು ತೊಂದರೆಯಲ್ಲಿರುವವರು ಮೊದಲೇ ಬರೆದಿಡುತ್ತಾರೆ. ಮುಂದಿನ ವಾರ ಚಿಕಿತ್ಸಕರ ಎದುರೇ ತೂಕ ನೋಡಿ ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಡುತ್ತಾರೆ. ಭಯ ಹೇಳಿದ್ದಕ್ಕೂ ತಕ್ಕಡಿ ತೋರಿಸಿದ್ದಕ್ಕೂ ಇರುವ ಅಂತರ ವಾರವಾರವೂ ಕಣ್ಣೆದುರಿಗೇ ಬರುತ್ತದೆ. ನಾಲ್ಕನೇ ಭೇಟಿಯಲ್ಲಿ ಇಬ್ಬರೂ ಕೂತು, ಬದಲಾವಣೆ ಶುರುವಾಗಿದೆಯೇ, ಹೀಗೇ ಮುಂದುವರಿಯುವುದು ಸರಿಯೇ ಎಂದು ತೀರ್ಮಾನಿಸುತ್ತಾರೆ. ಅಪಾಯದ ಮಟ್ಟಕ್ಕೆ ತೂಕ ಇಳಿದವರಿಗೆ, ಎದೆಬಡಿತ ನಿಧಾನವಾದವರಿಗೆ ಇದು ಹೊಂದುವ ದಾರಿಯಲ್ಲ. ಅವರಿಗೆ ಮೊದಲು ಬೇಕಾದದ್ದು ವೈದ್ಯಕೀಯ ನಿಗಾ.

ಚಿಕಿತ್ಸೆ ಕಿರಿದಾಗಬೇಕಾದರೆ ಅದು ಬೇಗ ಶುರುವಾಗಬೇಕು. ಕಾಯಿಲೆಯ ಮೊದಲ ಮೂರು ವರ್ಷದಲ್ಲಿರುವ 16ರಿಂದ 25ರ ವಯಸ್ಸಿನವರಿಗಾಗಿ ಲಂಡನ್ನಿನಲ್ಲಿ ಉಲ್ರಿಕೆ ಶ್ಮಿಟ್ ತಂಡ 2014ರಲ್ಲಿ ಆರಂಭಿಸಿದ ‘ಫ್ರೀಡ್’ ಸೇವೆ ನಿಂತಿರುವುದು ಈ ತಿಳಿವಿನ ಮೇಲೆಯೇ. ಅಲ್ಲಿ ಚಿಕಿತ್ಸೆಗೆಂದು ಒಬ್ಬರ ಹೆಸರು ಬಂದ 48 ಗಂಟೆಗಳೊಳಗೆ ಅವರಿಗೆ ಫೋನ್ ಮಾಡಬೇಕು, ಎರಡು ವಾರದೊಳಗೆ ತಪಾಸಣೆ, ನಾಲ್ಕು ವಾರದೊಳಗೆ ಚಿಕಿತ್ಸೆ. ಆ ಮೊದಲ ಕರೆಯಲ್ಲೇ, ಯಾರ ತಪ್ಪನ್ನೂ ಕೇಳದೆ, ಊಟದ ಮಾತು ಶುರುವಾಗುತ್ತದೆ.