ಕಾಡ್ಗಿಚ್ಚಿನ ಕಾರ್ಬನ್ ಮೊನಾಕ್ಸೈಡ್: ಟನ್ ಲೆಕ್ಕ ಬರೋದು ಎಲ್ಲಿಂದ?

ಓದುಗರ ಪ್ರಶ್ನೆ: ಕಾಡಿಗೆ ಬೆಂಕಿ ಬಿದ್ದಾಗ ಇಷ್ಟು ಟನ್ ಕಾರ್ಬನ್ ಮೊನಾಕ್ಸೈಡ್ ಹೊರಬಂತು ಅಂತ ಸುದ್ದಿ ಬರುತ್ತದೆ. ಬಣ್ಣ, ವಾಸನೆ ಎರಡೂ ಇಲ್ಲದ ಅನಿಲವನ್ನು ಉಪಗ್ರಹ ಅಳೆಯೋದು ಹೇಗೆ? ಉಪಗ್ರಹ ಇದ್ದ ಮೇಲೆ ನೆಲದ ಮೇಲಿನ ಉಪಕರಣ ಯಾಕೆ ಬೇಕು?

ನಿಜ ಹೇಳಬೇಕೆಂದರೆ ಉಪಗ್ರಹ ಟನ್‌ಗಳನ್ನು ಅಳೆಯುವುದೇ ಇಲ್ಲ. ಅದು ನೋಡುವುದು ಬೆಳಕನ್ನು. ಈ ಅನಿಲ ನಮ್ಮ ಕಣ್ಣಿಗೆ ಕಾಣದಿದ್ದರೂ 2.3 ಮೈಕ್ರೋಮೀಟರ್ ಆಸುಪಾಸಿನ ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಳ್ಳುತ್ತದೆ. ನೆಲಕ್ಕೆ ಬಿದ್ದು ಮೇಲಕ್ಕೆ ವಾಪಸ್ ಬರುವ ಬಿಸಿಲಿನಲ್ಲಿ ಆ ಬೆಳಕು ಎಷ್ಟು ಕಡಿಮೆಯಾಗಿದೆ ಅಂತ ನೋಡಿ, ದಾರಿಯಲ್ಲಿ ಎಷ್ಟು ಅನಿಲ ಇತ್ತು ಅಂತ ಲೆಕ್ಕ ಹಾಕುತ್ತಾರೆ. 2017ರಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹದಲ್ಲಿರುವ ಟ್ರೋಪೋಮಿ ಅನ್ನೋ ಉಪಕರಣ ಮಾಡುವುದು ಇದನ್ನೇ. ಹೊಗೆಯ ಕಣಗಳು ಈ ತರಂಗಾಂತರಕ್ಕಿಂತ ತುಂಬಾ ಸಣ್ಣವು, ಹಾಗಾಗಿ ಹೊಗೆ ಅಷ್ಟೇನೂ ಅಡ್ಡ ಬರುವುದಿಲ್ಲ. ಮೋಡದ್ದೇ ಕಾಟ.

ಇದರಿಂದ ಸಿಗುವುದು ಒಂದು ಚದರ ಮೀಟರ್ ಜಾಗದ ಮೇಲೆ, ನೆಲದಿಂದ ವಾತಾವರಣದ ತುದಿವರೆಗೆ, ಒಟ್ಟು ಎಷ್ಟು ಅನಿಲ ಇದೆ ಅನ್ನೋ ಅಂಕಿ. ಬೆಂಕಿ ಇಲ್ಲದ ದಿನ ಅದು ಹೆಚ್ಚುಕಡಿಮೆ 1 ಗ್ರಾಂ. ಅಷ್ಟೇ!

ಈಗ ಲೆಕ್ಕಕ್ಕೆ ಬರೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. ಹೊಗೆಯ ಪಟ್ಟಿ 50 ಕಿಲೋಮೀಟರ್ ಅಗಲ ಇದೆ, ಅದರಲ್ಲಿ ಪ್ರತಿ ಚದರ ಮೀಟರಿಗೆ ಸರಾಸರಿ 1 ಗ್ರಾಂ ಜಾಸ್ತಿ ಇದೆ ಅಂದುಕೊಳ್ಳಿ. ಪಟ್ಟಿಯನ್ನು ಅಡ್ಡಡ್ಡ ಕತ್ತರಿಸಿದರೆ ಒಂದು ಮೀಟರ್ ಉದ್ದದ ತುಂಡಿನಲ್ಲಿ 50 ಕಿಲೋ ಅನಿಲ. ಗಾಳಿ ಸೆಕೆಂಡಿಗೆ 5 ಮೀಟರ್ ಬೀಸುತ್ತಿದ್ದರೆ ಸೆಕೆಂಡಿಗೆ 250 ಕಿಲೋ, ಅಂದರೆ ಗಂಟೆಗೆ 900 ಟನ್ ಹಾದುಹೋಗುತ್ತದೆ. ಅದೇ ಗಾಳಿ 6 ಮೀಟರ್ ಇದ್ದರೆ? 1,080 ಟನ್. ಉಪಗ್ರಹದ ಅಳತೆ ಒಂದು ಚೂರೂ ಬದಲಾಗಿಲ್ಲ, ಉತ್ತರ ಮಾತ್ರ ಬದಲಾಯಿತು, ನೋಡಿ. ಹೊಗೆ ಅರ್ಧ ಕಿಲೋಮೀಟರ್ ಎತ್ತರದಲ್ಲಿದೆಯೋ ಮೂರು ಕಿಲೋಮೀಟರ್ ಮೇಲಿದೆಯೋ ಅನ್ನೋದರ ಮೇಲೆ ಯಾವ ಗಾಳಿ ತೆಗೆದುಕೊಳ್ಳಬೇಕು ಅನ್ನೋದು ನಿಂತಿದೆ. ನನ್ನ ಪ್ರಕಾರ ಇಡೀ ಲೆಕ್ಕದಲ್ಲಿ ಎಡವೋದು ಜಾಸ್ತಿ ಇಲ್ಲೇ.

ಇನ್ನೊಂದು ತೊಡಕು ಸಮಯದ್ದು. ಟ್ರೋಪೋಮಿಗೆ ಬಿಸಿಲು ಬೇಕು, ಅದು ತಲೆ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ ಹೊತ್ತಿಗೆ. ರಾತ್ರಿ ಜ್ವಾಲೆ ತಗ್ಗಿ ಕಾಡು ಬರೀ ಹೊಗೆಯಾಡುತ್ತಿರುತ್ತದಲ್ವಾ, ಆಗ ಸುಟ್ಟ ಪ್ರತಿ ಕಿಲೋಗೆ ಕಾರ್ಬನ್ ಮೊನಾಕ್ಸೈಡ್ ಇನ್ನೂ ಹೆಚ್ಚು ಬರುತ್ತದೆ, ಟ್ರೋಪೋಮಿ ಆ ಹೊತ್ತಿನಲ್ಲಿ ಅಳೆಯಲಾರದು.

ನೆಲದ ಉಪಕರಣಗಳಿಗೆ ಎರಡು ಕೆಲಸ. ಒಂದು, ಉಪಗ್ರಹದ ತಪ್ಪು ಹಿಡಿಯುವುದು. ಟಿಸಿಕಾನ್ ಅನ್ನೋ ಅಳತೆ ಕೇಂದ್ರಗಳ ಜಾಲದ ಸ್ಪೆಕ್ಟ್ರೋಮೀಟರ್‌ಗಳು (ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ಅಳೆಯುವ ಉಪಕರಣಗಳು) ನೆಲದಿಂದ ನೇರ ಸೂರ್ಯನನ್ನೇ ನೋಡಿ ಅದೇ ಒಟ್ಟು ಅನಿಲವನ್ನು ಅಳೆಯುತ್ತವೆ, ಆದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಗಾಳಿಯನ್ನು ಒಳಗೆಳೆದು ಅಳೆಯುವ ಉಪಕರಣದಿಂದ ಇದು ಆಗುವುದಿಲ್ಲ, ಹೊಗೆ ಮೇಲೆ ತೇಲಿಹೋದರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಆದರೆ ಎರಡನೇ ಕೆಲಸಕ್ಕೆ ಅದೇ ಬೇಕು: ಹೊಗೆಯ ಹತ್ತಿರವೇ ನಿಂತು, ಏನು ಸುಟ್ಟರೆ ಎಷ್ಟು ಅನಿಲ ಬರುತ್ತದೆ ಅಂತ ಕಂಡುಹಿಡಿಯುವುದು. ಒಂದು ಕಿಲೋ ಒಣ ಹುಲ್ಲು ಸುಟ್ಟರೆ ಸುಮಾರು 60-70 ಗ್ರಾಂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಜೌಗುನೆಲದ ಪೀಟ್ (ಅರೆಬರೆ ಕೊಳೆತ ಗಿಡಗಳ ಪದರ) ಆದರೆ 200 ಗ್ರಾಂ ಆಸುಪಾಸು. 2015ರಲ್ಲಿ ಇಂಡೋನೇಷ್ಯಾದ ಪೀಟ್ ಹೊತ್ತಿ ಉರಿದಾಗ ವಿಜ್ಞಾನಿಗಳು ಬೋರ್ನಿಯೋಗೇ ಹೋಗಿ ಹೊಗೆ ಅಳೆದು, ಅದನ್ನು ಉಪಗ್ರಹದ ಅಂಕಿಗಳ ಜೊತೆ ಸೇರಿಸಿ ಲೆಕ್ಕ ಹಾಕಿದ್ದು ಇದಕ್ಕೇ.

ಸುಟ್ಟ ಜಾಗ, ಅಲ್ಲಿದ್ದ ಸೌದೆ-ಸೊಪ್ಪಿನ ತೂಕ, ಅದರಲ್ಲಿ ಸುಟ್ಟ ಪಾಲು, ಕಿಲೋಗೆ ಬರುವ ಅನಿಲ, ಈ ನಾಲ್ಕನ್ನು ಗುಣಿಸುವ ದಾರಿಯೂ ಇದೆ. ಸುಲಭ, ಆದರೆ ನಾಲ್ಕರಲ್ಲೂ ಅಂದಾಜು.

ಅಂದಹಾಗೆ, ಬೆಂಕಿಯಿಂದ ಕಾರ್ಬನ್ ಡೈಆಕ್ಸೈಡ್ ಇದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ, ಅದನ್ನೇ ಯಾಕೆ ಅಳೆಯಬಾರದು ಅಂತ ಕೇಳಬಹುದು. ಗಾಳಿಯಲ್ಲಿ ಅದು ಮೊದಲೇ ಹತ್ತು ಲಕ್ಷಕ್ಕೆ 420ರಷ್ಟು ತುಂಬಿದೆ, ಬೆಂಕಿ ಸೇರಿಸಿದ್ದು ಅದರಲ್ಲಿ ಕಳೆದುಹೋಗುತ್ತದೆ. ಮೊನಾಕ್ಸೈಡ್ ಇರುವುದು ನೂರು ಕೋಟಿಗೆ 100ರ ಹತ್ತಿರ, ಅಷ್ಟೇ. ಸ್ವಲ್ಪ ಹೆಚ್ಚಾದರೂ ಎದ್ದು ಕಾಣುತ್ತದೆ. ಕೆನಡಾದ 2023ರ ಕಾಡ್ಗಿಚ್ಚಿನಲ್ಲಿ ಟ್ರೋಪೋಮಿಯ ಮೊನಾಕ್ಸೈಡ್ ಅಳತೆಯಿಂದಲೇ ಹಿಂದಕ್ಕೆ ಲೆಕ್ಕ ಹಾಕಿ, ಮೇನಿಂದ ಸೆಪ್ಟೆಂಬರ್‌ವರೆಗೆ ಸುಮಾರು 64.7 ಕೋಟಿ ಟನ್ ಕಾರ್ಬನ್ ಹೊರಬಂತು ಅಂದರು. ಜೊತೆಗೆ 57ರಿಂದ 72.7 ಕೋಟಿ ಟನ್ ಅನ್ನೋ ವ್ಯಾಪ್ತಿಯನ್ನೂ ಕೊಟ್ಟರು, ಸುದ್ದಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಇದೇ.